ಬೆಲ್ಲದ ಬುಟ್ಟಿ ಹಿಡಿದ ಸೈದಪ್ಪ ಮಾಸ್ತರರು

ಆಳಂದದಿಂದ ಅಫಜಲಪುರದವರೆಗೆ, ಅತ್ತ ಜೇವರ್ಗಿಯ ಕರಿನೆಲದವರೆಗೆ, ಕನ್ನಡದಲ್ಲಿ ನಾಲ್ಕು ಅಕ್ಷರ ಕಲಿತ ನಡುವಯಸ್ಸಿನ ಯಾರನ್ನೇ ದಾರಿಯಲ್ಲಿ ನಿಲ್ಲಿಸಿ, ನಿಮಗೆ ಓದು ಕಲಿಸಿದವರು ಯಾರೆಂದು ಕೇಳಿದರೆ, ಶ್ರೀ ಸೈದಪ್ಪ ಮಾಸ್ತರರ ಹೆಸರು ಹೇಳುವವರೇ ಹೆಚ್ಚು. ಕಚೇರಿಯ ಭಾಷೆ ಉರ್ದು, ಮನೆಯ ಭಾಷೆ ಕನ್ನಡ ಆಗಿರುವ ನಮ್ಮ ಹೈದರಾಬಾದ್ ಸೀಮೆಯಲ್ಲಿ, ಹಳ್ಳಿಯ ಮಕ್ಕಳಿಗೆ ಅವರ ತಾಯಿಯ ಮಾತಿನಲ್ಲೇ ವಿದ್ಯೆ ಸಿಗಬೇಕೆಂದು ಮೂವತ್ತನಾಲ್ಕು ವರ್ಷ ದುಡಿದು, ಈ ೧೯೪೬ರ ಬೇಸಿಗೆಯಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ. ಅವರ ಗೌರವಾರ್ಥ ಹೊರಡುತ್ತಿರುವ ಈ ಗ್ರಂಥಕ್ಕೆ ಉರ್ದು ಮಾಸ್ತರನಾದ ಚಾಂದಪಾಶಾ ಏಕೆ ಕನ್ನಡದಲ್ಲಿ ಬರೆಯುತ್ತಿದ್ದಾನೆ ಎಂದು ಕೆಲವರು ಹುಬ್ಬೇರಿಸಬಹುದು. ಈ ಕನ್ನಡ ಅವರೇ ಕೊಟ್ಟದ್ದು. ಇದರಲ್ಲಿ ತಪ್ಪುಗಳಿದ್ದರೆ ಅವೂ ಅವರವೇ ಎಂದು ವಿನಯದಿಂದ ತಿಳಿಸುತ್ತೇನೆ.

ಆಳಂದ ತಾಲೂಕಿನ ಕಿಣ್ಣಿ ಸುಲ್ತಾನ ಅವರ ಹುಟ್ಟೂರು. ನೌಕರಿಯ ಮೊದಲ ವರ್ಷಗಳನ್ನು ಆಳಂದದಲ್ಲೇ ಕಳೆದು, ಆಮೇಲೆ ನಮ್ಮ ಜೇವರ್ಗಿಗೆ ಬಂದರು. ನಾನು ಅವರನ್ನು ಮೊದಲು ಕಂಡದ್ದು ಅಲ್ಲಿ, ಅವರ ತರಗತಿಯ ಹಿಂದಿನ ಸಾಲಿನಿಂದ. ಆ ವರ್ಷ ನಮ್ಮ ತಂದೆ ತೀರಿಕೊಂಡರು. ತಾಯಿ ವಜೀರುನ್ನಿಸಾ ನನ್ನನ್ನು ಶಾಲೆ ಬಿಡಿಸಿ ಹತ್ತಿಯ ಕಾರಖಾನೆಗೆ ಹಾಕಲು ನಿಶ್ಚಯಿಸಿದ್ದರು. ಮಾಸ್ತರರು ಒಂದು ದಿನ ನಮ್ಮ ಮನೆಯ ಬಾಗಿಲಿಗೆ ಬಂದು, ಹೊರಗೇ ನಿಂತು, ಬಹಳ ಸಂಕೋಚದಿಂದ ಕೇಳಿದರು:

“ನನಗ ಉರ್ದು ಸರಿಯಾಗಿ ಬರಂಗಿಲ್ರಿ ಯವ್ವ. ಮ್ಯಾಲಿನವರ ಮುಂದ ನಾಲಿಗಿ ತೊದಲ್ತದ. ನಿಮ್ಮ ಹುಡುಗ ದಿನಾ ಒಂದು ತಾಸು ನನಗ ಕಲಿಸಿದ್ರ, ವಾರಕ್ಕೊಮ್ಮಿ ಜ್ವಾಳಾ ತಂದು ಕೊಡ್ತೇನಿ. ಆದ್ರ ಅಂವಾ ಸಾಲಿ ಬಿಟ್ರ ನನಗ ಎಲ್ಲಿ ಸಿಗ್ತಾನ್ರಿ?”

ನಮ್ಮ ತಾಯಿ ಪರದೆಯ ಹಿಂದಿನಿಂದ, “ದೊಡ್ಡವ್ರು ನೀವೇ ಕಲಿಯಾಕ ಬರ್ತೀರಂದ್ರ ನಾ ಹ್ಯಾಂಗ ಬ್ಯಾಡ ಅನ್ಲಿ?” ಎಂದರು. ಹೀಗೆ ಹನ್ನೆರಡನೆಯ ವಯಸ್ಸಿನಲ್ಲಿ ನಾನು ಉಸ್ತಾದನಾದೆ. ಮಾಸ್ತರರು ದಿನವೂ ಬಂದು ಚಾಪೆಯ ಮೇಲೆ ಕುಳಿತು, ನಾನು ಹೇಳಿದ್ದನ್ನು ಒಪ್ಪಿಸುತ್ತಿದ್ದರು. ಅವರು ಕಲಿಯುವುದರಲ್ಲಿ ಬಹಳ ಮಂದ. ಒಂದೇ ಪಾಠವನ್ನು ಹತ್ತು ಸಲ ಹೇಳಿಸುತ್ತಿದ್ದರು, ಮತ್ತೆ ಮರೆಯುತ್ತಿದ್ದರು. ನಾನು ತಾಳ್ಮೆ ಕೆಟ್ಟು ಗದರಿಸಿದ್ದೂ ಉಂಟು. ಆ ಜೋಳದಲ್ಲಿ ನಾವು ತಾಯಿ ಮಗ ಎರಡು ವರ್ಷ ಉಂಡೆವು, ನನ್ನ ಓದು ನಿಲ್ಲಲಿಲ್ಲ.

ಮುಂದೆ ನಾನೂ ಮಾಸ್ತರನಾದೆ. ೧೯೩೬ರಲ್ಲಿ ಅಫಜಲಪುರ ತಾಲೂಕಿನ ಹೊಳೆಜಾಲಿಗೆ ನನ್ನ ವರ್ಗವಾದಾಗ, ಅಲ್ಲಿ ಮುಖ್ಯ ಮಾಸ್ತರರಾಗಿ ಕುಳಿತವರು ನನ್ನ ಹಳೆಯ ಶಿಷ್ಯ ಸೈದಪ್ಪ ಮಾಸ್ತರರೇ. ಭೀಮೆಯ ದಂಡೆಯ ಸಣ್ಣ ಊರು. ಹುಣ್ಣಿಮೆ ಅಮವಾಸ್ಯೆಗೆ ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಹೋಗುವವರು ನಮ್ಮ ಶಾಲೆಯ ಮುಂದೆಯೇ ಹಾದುಹೋಗುತ್ತಿದ್ದರು. ಶಾಲೆ ಎಂದರೆ ಹೊಳೆಗೆ ತೀರ ಹತ್ತಿರ ನಿಂತ ಒಂದು ಮಣ್ಣಿನ ಕೋಣೆ. ಊರಿನ ಮಕ್ಕಳು ಒಳಗೆ ಕೂರುತ್ತಿದ್ದರು. ಊರು ಮುಟ್ಟಿಸಿಕೊಳ್ಳದೆ ದೂರವಿಟ್ಟಿದ್ದ ಕೇರಿಯ ಮಕ್ಕಳು ಹೊರಗಿನ ಕಟ್ಟೆಯ ಮೇಲೆ ಕೂತು ಕಿಟಕಿಯಿಂದ ಬಂದಷ್ಟು ಪಾಠ ಕೇಳುತ್ತಿದ್ದರು. ಮಾಸ್ತರರಿಗೆ ಇದು ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಆದರೆ ಒಳಗೆ ಕರೆದರೆ ಊರಿನವರು ತಮ್ಮ ಮಕ್ಕಳನ್ನು ಬಿಡಿಸುತ್ತಾರೆ, ಮಕ್ಕಳಿಲ್ಲದ ಶಾಲೆಯನ್ನು ಮೇಲಿನವರು ಮುಚ್ಚುತ್ತಾರೆ, ಆಗ ಕಟ್ಟೆಯೂ ಇಲ್ಲ, ಕಿಟಕಿಯೂ ಇಲ್ಲ. ಇದನ್ನು ಅವರು ನನಗೆ ಒಂದೇ ಸಲ ಹೇಳಿದರು, ಆಮೇಲೆ ಆ ಮಾತು ಎತ್ತಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಹೊಳೆ ತುಂಬಿ ಬಂದು ಶಾಲೆಯ ಗೋಡೆಗಳು ನೆನೆದು ಕುಸಿದು ಕೂತವು. ಅಂದು ಶುಕ್ರವಾರ, ನಮ್ಮ ಸೀಮೆಯ ವಾರದ ರಜೆ; ಒಳಗೆ ಯಾರೂ ಇರಲಿಲ್ಲ. ನೀರು ಇಳಿದ ಮೇಲೆ ಹನುಮಂತ ದೇವರ ಗುಡಿಯ ಪೌಳಿಯಲ್ಲಿ ಶಾಲೆ ಶುರುವಾಯಿತು. ಕೇರಿಯ ಮಕ್ಕಳು ಗುಡಿ ಹತ್ತುವ ಹಾಗಿಲ್ಲ, ಅವರು ಎದುರಿನ ಬೇವಿನ ಮರದ ಕೆಳಗೆ. ನಡುವೆ ಊರಿನ ದಾರಿ. ಸೈದಪ್ಪ ಮಾಸ್ತರರು ಆ ದಾರಿಯ ಮಧ್ಯದಲ್ಲಿ ನಿಂತು, ಬರುವ ಬಂಡಿಗಳಿಗೆ ಜಾಗ ಬಿಡುತ್ತ, ಎರಡೂ ಕಡೆಗೆ ಒಂದೇ ಪಾಠ ಹೇಳುತ್ತಿದ್ದರು. ಎಮ್ಮೆಗಳು ಹಾಯುವಾಗ ಮಗ್ಗಿ ನಿಲ್ಲುತ್ತಿತ್ತು. ನಾನಂತೂ ಬೇವಿನ ಮರದ ಕೆಳಗೇ ತಳ ಊರಿದೆ. ಹೀಗಾಗಿ ಆ ವರ್ಷ ಹೊಳೆಜಾಲಿಯಲ್ಲಿ ಎಲ್ಲರಿಗಿಂತ ಒಳ್ಳೆಯ ಉರ್ದು ಕಲಿತವರು ಕೇರಿಯ ಮಕ್ಕಳು. ಅವರಲ್ಲೂ ಮಲ್ಕಮ್ಮನ ಮಗಳು ಭಾಗಮ್ಮ ಮುಂದು.

ಹೊಸ ಶಾಲೆ ಊರವರೇ ಕಟ್ಟಿಕೊಳ್ಳಬೇಕು, ಮುಂದಿನ ದಸರೆಯೊಳಗೆ ಕಟ್ಟಡ ಆಗದಿದ್ದರೆ ಶಾಲೆಯನ್ನು ಬೇರೆ ಊರಿಗೆ ಒಯ್ಯಲಾಗುವುದು ಎಂದು ಮೇಲಿನಿಂದ ಅಪ್ಪಣೆ ಬಂತು. ಮಾಸ್ತರರು ಊರಿನ ಹಿರಿಯರಾದ ದೌಲತರಾಯ ಗೌಡರ ಬಳಿಗೆ ಹೋದರು. ಗೌಡರು ಮಾತಿಗೆ ಬಿರುಸು, ಕೈಗೆ ಧಾರಾಳ. ಊರ ದಿಬ್ಬದ ಮೇಲಿದ್ದ ತಮ್ಮ ಕಣದ ಜಾಗವನ್ನೇ ಕೊಟ್ಟರು, ಹೊಳೆ ಎಷ್ಟೇ ಬಂದರೂ ಮುಟ್ಟದ ಜಾಗ. ಕೆಲಸಕ್ಕೆ ಆಳು ಎಲ್ಲಿಂದ ಎಂಬ ಮಾತು ಬಂದಾಗ, “ಮುಯ್ಯಿ ಕರದ್ರಾತು. ನನ್ನ ಹೆಸರ್ಲೆ ಕೂಗಸ್ರಿ” ಎಂದರು.

ಮುಯ್ಯಿ ಎಂದರೇನೆಂದು ಪಟ್ಟಣದ ಓದುಗರಿಗೆ ಹೇಳಬೇಕು. ಒಬ್ಬರ ಮನೆಯಲ್ಲಿ ರಾಶಿಯೋ ಮಣ್ಣಿನ ಚಾವಣಿಯ ಮಾಳಿಗೆಯೋ ದೊಡ್ಡ ಕೆಲಸ ಬಂದಾಗ ಉಳಿದವರು ಹೋಗಿ ದುಡಿಯುತ್ತಾರೆ. ಮುಂದೆ ಅವರ ಕೆಲಸಕ್ಕೆ ಇವರು ಹೋಗಿ ದುಡಿದು ತೀರಿಸುತ್ತಾರೆ. ಹೊಳೆಜಾಲಿಯಲ್ಲಿ ಇದಕ್ಕೊಂದು ಗುರುತಿದೆ. ಕೂಲಿಯವರಿಗೆ ಕೂಲಿ ಕೊಡುತ್ತಾರೆ. ಕರೆದಾಗ ಬಂದು ಪುಕ್ಕಟೆ ದುಡಿಯಬೇಕಾದ ಬೇಗಾರಿಯವರಿಗೆ, ಎಂದರೆ ಕೇರಿಯವರಿಗೆ, ಏನೂ ಕೊಡುವುದಿಲ್ಲ. ಮುಯ್ಯಿಗೆ ಬಂದವರಿಗೆ ಮಾತ್ರ, ಸಂಜೆ ಕೆಲಸ ಬಿಡುವಾಗ, ಕರೆದ ಮನೆಯ ಯಜಮಾನ ತನ್ನ ಕೈಯಿಂದಲೇ ಒಂದೊಂದು ಹೆಂಟೆ ಬೆಲ್ಲ ಕೊಡುತ್ತಾನೆ. ಆ ಬೆಲ್ಲ ಒಬ್ಬರ ಕೈಗೆ ಬಿತ್ತೆಂದರೆ, ಕೊಟ್ಟ ಮನೆ ಅವರ ಋಣಕ್ಕೆ ಬಿತ್ತೆಂದು ಲೆಕ್ಕ. ತೀರಿಸದೆ ಉಳಿದರೆ ಊರಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ.

ಬೇಸಿಗೆ ಪೂರ ಗೋಡೆ ಎದ್ದವು. ನಾನೂ ಮಣ್ಣು ತುಳಿದೆ. ಮಣ್ಣು ತುಳಿಯುವುದು ಉರ್ದು ಮಾಸ್ತರನ ಕೆಲಸವಲ್ಲ ಎಂದು ಎಷ್ಟು ಸಲ ಹೇಳಿದರೂ ಸೈದಪ್ಪ ಮಾಸ್ತರರಿಗೆ ಅದು ಕೇಳಿಸುತ್ತಿರಲಿಲ್ಲ. ತೊಲೆ, ಜಂತಿ ಏರಿದವು, ಮೇಲೆ ತೊಗರಿ ಕಟ್ಟಿಗೆ ಹಾಸಿದ್ದಾಯಿತು. ಇನ್ನು ಮಾಳಿಗೆಯ ಮೇಲೆ ನೀರು ಹಿಡಿಯದ ಕರಲು ಮಣ್ಣು ಹೊದಿಸಿ ಬಡಿಯುವುದೊಂದೇ ಉಳಿದಿತ್ತು. ಅದಕ್ಕೆ ಮುಯ್ಯಿ ಕೂಡಿದ ದಿನವೇ ಪಡುವಣದಲ್ಲಿ ಮುಗಿಲು ಕಪ್ಪಿಟ್ಟಿತು. ಬರಿ ಕಟ್ಟಿಗೆಯ ಮೇಲೆ ಮಳೆ ಬಿದ್ದರೆ ಬೇಸಿಗೆಯ ಕೆಲಸವೆಲ್ಲ ಕೆಸರು. ಬಂದ ಮಂದಿ ಸಾಲದು ಎಂದು ಕಂಡು, ಗೌಡರೇ ಕೇರಿಗೆ ಆಳು ಓಡಿಸಿದರು. ಕೇರಿಯ ಜನ ಗಂಡಸರು ಹೆಂಗಸರೆನ್ನದೆ ಬುಟ್ಟಿ ತೆಗೆದುಕೊಂಡು ಬಂದರು. ಭಾಗಮ್ಮನ ತಾಯಿ ಮಲ್ಕಮ್ಮ ಎಲ್ಲರ ಮುಂದೆ. ಕೆಳಗಿನಿಂದ ಮಾಳಿಗೆಯವರೆಗೆ ಮಂದಿ ಸಾಲು ನಿಂತು ಬುಟ್ಟಿ ದಾಟಿಸಿದರು. ಅವಸರದಲ್ಲಿ ಯಾರ ಕೈಯ ಬುಟ್ಟಿ ಯಾರ ಕೈಗೆ ಹೋಯಿತೆಂದು ನೋಡುವ ಪುರಸೊತ್ತು ಯಾರಿಗೂ ಇರಲಿಲ್ಲ. ಹೊತ್ತು ಮುಳುಗುವ ಮೊದಲೇ ಮಾಳಿಗೆ ಮುಗಿದು, ಕೊನೆಯ ಬಡಿತ ಬಿದ್ದ ಮೇಲೆ ದಪ್ಪ ಹನಿ ಶುರುವಾದವು.

ಗೌಡರಿಗೆ ಹಿಡಿಸಲಾರದಷ್ಟು ಹಿಗ್ಗು. “ತರ್ರಿ ಬೆಲ್ಲಾ!” ಎಂದು ಕೂಗಿದರು. ಕರಜಗಿಯಿಂದ ತರಿಸಿದ ಹೊಸ ಬೆಲ್ಲ. ಬುಟ್ಟಿ ಹಿಡಿದು ಅವರ ಪಕ್ಕದಲ್ಲಿ ನಿಂತವರು ಸೈದಪ್ಪ ಮಾಸ್ತರರು. ಗೌಡರು ನಗುತ್ತ, ಮುಖದ ಮೇಲಿನ ಮಳೆ ಒರೆಸಿಕೊಳ್ಳುತ್ತ, ಕೈಗೆ ಬಂದಷ್ಟು ತೆಗೆದು ಎದುರಿಗೆ ಬಂದ ಕೈಗೆಲ್ಲ ಇಡುತ್ತ ನಡೆದರು. ಮಾಸ್ತರರು ಬುಟ್ಟಿಯೊಂದಿಗೆ ಮೆಲ್ಲಗೆ ಮುಂದೆ ಮುಂದೆ ಸರಿಯುತ್ತಿದ್ದರು. ಊರಿನವರ ಸಾಲು ಮುಗಿದ ಮೇಲೂ ಅವರು ನಿಲ್ಲಲಿಲ್ಲ, ಗೌಡರೂ ನಿಲ್ಲಲಿಲ್ಲ. ಮಲ್ಕಮ್ಮ ಸೆರಗು ಒಡ್ಡಿದಾಗ ಅದರಲ್ಲೂ ಬೆಲ್ಲ ಬಿತ್ತು. ಅದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಎಲ್ಲರೂ ಮಳೆಯಲ್ಲಿ ಮನೆಗೆ ಓಡಿದೆವು.

ಮುಯ್ಯಿ ತೀರಿಸುವವರು ಯಾರು? ಕರೆದವರು ಗೌಡರಾದರೂ ಕೆಲಸ ಶಾಲೆಯದು. ಶಾಲೆಯೆಂದರೆ ತಾವೇ ಎಂದು ಮಾಸ್ತರರು ಗೌಡರನ್ನು ಒಪ್ಪಿಸಿದರು. ಶುಕ್ರವಾರ ಬಂತೆಂದರೆ ಪಂಚೆ ಎತ್ತಿಕಟ್ಟಿ ಒಬ್ಬೊಬ್ಬರ ಹೊಲಕ್ಕೆ ಹೋಗುತ್ತಿದ್ದರು, ಕಳೆ ಕೀಳುತ್ತಿದ್ದರು, ಬೆಳೆಯ ಸಾಲುಗಳ ನಡುವೆ ಎಡೆ ಹೊಡೆಯುತ್ತಿದ್ದರು. ನನ್ನನ್ನೂ ಎಳೆದೊಯ್ದು, “ನಿಮ್ಮ ನಮಾಜಿನ ಹೊತ್ತಿಗಿ ಬಿಡ್ತೇನ್ರಿ” ಎನ್ನುತ್ತಿದ್ದರು. ಮಾತಿಗೆ ತಪ್ಪಲಿಲ್ಲ, ಆದರೆ ಆ ಹೊತ್ತಿಗೆ ನನ್ನ ಸೊಂಟ ಬಗ್ಗುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಹೀಗೆ ಊರಿನ ಎಲ್ಲ ಓಣಿಗಳದ್ದೂ ತೀರಿದ ಮೇಲೆ ಅವರು ಕೇರಿಗೆ ಹೋದರು. ಜೊತೆಗೆ ನಾನಿದ್ದೆ. ಗುಡಿಸಲ ಮುಂದೆ ಕುಳಿತಿದ್ದ ಮಲ್ಕಮ್ಮನನ್ನು ಕೇಳಿದರು:

“ನಿಮ್ಮ ಮುಯ್ಯಿ ಉಳದದಬೇ ಮಲ್ಕಮ್ಮ. ಏನು ಕೆಲಸ ಹೇಳ್ತಿ ಹೇಳು, ಮಾಡ್ತೇನಿ.”

ಮಲ್ಕಮ್ಮ ಮೊದಲು ನಕ್ಕಳು. “ನಮಗೆಲ್ಲಿ ಹೊಲಾ ಮಾಸ್ತರ? ನೀವು ಕಳಿ ಕೀಳಾಕ ನನ್ನ ಅಂಗಳದಾಗ ಹುಲ್ಲೂ ಇಲ್ರಿ.” ಆಮೇಲೆ ನಗು ನಿಲ್ಲಿಸಿದಳು. “ಕೇಳಂದ್ರ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಆ ಮಾಳಿಗಿ ಮಣ್ಣು ನಾವೂ ಹೊತ್ತೀವಿ. ಅದರ ಬುಡಕ ನಮ್ಮ ಕೂಸುಗೋಳು ಕೂಡಲಿ. ಇಷ್ಟ ನಮ್ಮ ಮುಯ್ಯಿ.”

ಮಾಸ್ತರರು ಅಲ್ಲಿಂದ ನೆಟ್ಟಗೆ ಗೌಡರ ಮನೆಗೆ ನಡೆದರು. ಅವರ ಹಿಂದೆ ನಡೆಯುತ್ತ ನಾನು ಲೆಕ್ಕ ಹಾಕಿದೆ. ಗೌಡರು ಮುನಿದರೆ ಜಾಗ ಹೋಗುತ್ತದೆ, ಊರು ಮುನಿದರೆ ಮಕ್ಕಳು ಹೋಗುತ್ತಾರೆ, ದಸರೆಗೆ ತಪಾಸಣೆಯ ಸಾಹೇಬರು ಬಂದು ಬರಿದಾದ ಕೋಣೆ ನೋಡಿದರೆ ಶಾಲೆಯೇ ಹೋಗುತ್ತದೆ. ಗೌಡರು ಪಡಸಾಲೆಯಲ್ಲಿ ಕೂತಿದ್ದರು. ಅವರ ತಾಯಿ ಕಾಶಿಬಾಯಿಯವರು ಒಳಬಾಗಿಲಲ್ಲಿ ತೊಗರಿ ಹಸನು ಮಾಡುತ್ತಿದ್ದರು.

“ಎಲ್ಲಾ ಮುಯ್ಯಿ ತೀರ್ಸೀನ್ರಿ ಗೌಡ್ರ,” ಎಂದರು ಮಾಸ್ತರರು. “ಕೇರಿದೊಂದು ಉಳದದ. ತಮ್ಮ ಮಕ್ಕಳು ಒಳಗ ಕೂಡ್ಲಿ ಅಂತಾರ.”

ಗೌಡರು ಎದ್ದು ನಿಂತರು. “ಅವರದು ಬೇಗಾರ್ರಿ ಮಾಸ್ತರ! ಬೇಗಾರಿಗಿ ಎಲ್ಲಿ ಮುಯ್ಯಿ?”

“ಬೆಲ್ಲಾ ಕೊಟ್ಟೀರಲ್ರಿ.”

ಕಾಶಿಬಾಯಿಯವರ ಮೊರ ನಿಂತಿತು. “ದೌಲತ, ಕೇರಿಯವರಿಗಿ ಬೆಲ್ಲಾ ಕೊಟ್ಟಿಯೇನು?”

“ಖುಷಿಲಿ ಕೊಟ್ನಿ ಯವ್ವ. ಮಳಿ ಬರಾಕತ್ತಿತ್ತು, ಮಾಳಿಗಿ ಮುಗದಿತ್ತು, ಯಾರು ಏನು ನೋಡ್ಲಿಲ್ಲ.”

“ಆಳಿನ ಕೈಲೆ ಕೊಡ್ಸಿದಿಯೋ, ನಿನ್ನ ಕೈಲೆ ಕೊಟ್ಟಿಯೋ?”

“ನನ್ನ ಕೈಲೆ.”

“ಹಾಂಗಾದ್ರ ಮುಯ್ಯಿ ಆತು,” ಎಂದರು ಆ ತಾಯಿ. “ನಿಮ್ಮಪ್ಪ ಹಾಸಿಗಿ ಹಿಡದಾಗ ಸುದ್ದಾ ಮಂದಿ ನಮ್ಮ ಬೆಲ್ಲಾ ನಂಬಿ ಮುಯ್ಯಿಗಿ ಎತ್ತು ಕಳಿಸಿದ್ರು. ಈ ಮನಿ ಬೆಲ್ಲಾ ಸುಳ್ಳು ಮಾಡಬ್ಯಾಡ.” ಇಷ್ಟು ಹೇಳಿ ಮತ್ತೆ ಮೊರ ಆಡಿಸತೊಡಗಿದರು.

ಗೌಡರು ಅಂಗಳ ನೋಡುತ್ತ, ಮಾಸ್ತರರ ಕಡೆ ತಿರುಗದೆಯೇ, “ಕೂಡ್ಲಿ. ಆದ್ರ ಊರಾಗಿನ ಮಂದಿ ತಮ್ಮ ಹುಡುಗರ್ನ ಬಿಡಿಸಿದ್ರ ನನ್ನ ಕೇಳಬ್ಯಾಡ್ರಿ” ಎಂದರು. ಆ ದಿನ ಅವರ ಮನೆಯಲ್ಲಿ ನಮಗೆ ಚಹಾ ಸಿಗಲಿಲ್ಲ.

ಕೇರಿಯ ಮಕ್ಕಳು ಒಳಗೆ ಬಂದರು. ಬಂದು, ಯಾರೂ ಹೇಳದೆಯೇ ಹಿಂದಿನ ಬಾಗಿಲ ಬಳಿ ಮುದುಡಿಕೊಂಡು ಕೂತರು. ಮರುದಿನ ನಾನು ಹೋಗಿ ನೋಡಿದರೆ ಕಪ್ಪು ಹಲಗೆ ಇದ್ದ ಜಾಗದಲ್ಲಿಲ್ಲ. ಮಾಸ್ತರರು ಅದನ್ನು ಹೊತ್ತೊಯ್ದು ಆ ಬಾಗಿಲ ಗೋಡೆಗೇ ತೂಗುಹಾಕಿ, ತಮ್ಮ ಕುರ್ಚಿಯನ್ನೂ ಅಲ್ಲೇ ಹಾಕಿಕೊಂಡಿದ್ದರು. ಯಾರನ್ನೂ ಎಬ್ಬಿಸಲಿಲ್ಲ, ಕೂರಿಸಲಿಲ್ಲ. ಹಿಂದಿನ ಸಾಲು ತಾನೇ ಮುಂದಿನ ಸಾಲಾಯಿತು. ಬಾಗಿಲ ಬಿಸಿಲು ಹೊಡೆದು ಹಲಗೆಯ ಮೇಲೆ ಏನೂ ಕಾಣುತ್ತಿಲ್ಲವೆಂದು ನಾನು ದೂರಿದೆ. “ಕಣ್ಣು ಹೊಂದಿಕೋತಾವ್ರಿ ಪಾಶಾ” ಎಂದರು.

ಊರಿನ ಮಕ್ಕಳಲ್ಲಿ ಅರ್ಧಕ್ಕರ್ಧ ಬರುವುದನ್ನು ಬಿಟ್ಟರು. ದಸರೆ ಹತ್ತಿರವಾಗುತ್ತಿತ್ತು. ಅವು ಕಷ್ಟದ ದಿನಗಳು. ಮಾಸ್ತರರು ಯಾರ ಮನೆಗೂ ಹೋಗಿ ಬೇಡಲಿಲ್ಲ, ಯಾರನ್ನೂ ಬಯ್ಯಲಿಲ್ಲ, ಬಂದವರಿಗೆ ಕಲಿಸುತ್ತ ಕೂತರು. ನನಗೋ ರಾತ್ರಿ ನಿದ್ದೆ ಇಲ್ಲ. ಒಂದು ಬೆಳಿಗ್ಗೆ ಕಾಶಿಬಾಯಿಯವರು ತಮ್ಮ ಮೊಮ್ಮಕ್ಕಳನ್ನು ಕರೆದುಕೊಂಡು ದಿಬ್ಬ ಹತ್ತಿ ಬಂದರು. ಮಕ್ಕಳನ್ನು ಒಳಗೆ ಬಿಟ್ಟು, ಕಟ್ಟೆಯ ಮೇಲೆ ಸ್ವಲ್ಪ ಸುಧಾರಿಸಿಕೊಂಡು, ಬಂದ ದಾರಿಯಲ್ಲೇ ಇಳಿದು ಹೋದರು. ಗೌಡರ ಮನೆಯ ಮಕ್ಕಳು ಕೂತ ಮೇಲೆ ಉಳಿದವರಿಗೆ ಬೇರೆ ನೆವ ಉಳಿಯಲಿಲ್ಲ. ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಬರಲಿಲ್ಲವೆಂಬುದನ್ನೂ ಹೇಳಬೇಕು. ಎರಡು ಮನೆಯವರು ಈ ವರೆಗೂ ಕಳಿಸಿಲ್ಲ.

ಸಾಹೇಬರು ಬಂದ ದಿನ ಕೋಣೆ ತುಂಬಿತ್ತು. ಅದುವರೆಗೆ ಮೇಲಿನವರೊಡನೆ ಮಾತಿಗೆ ಮಾಸ್ತರರು ನನ್ನನ್ನೇ ಮುಂದೆ ನೂಕುತ್ತಿದ್ದರು. ಅಂದು ನಾನು ಅವರ ಚಹಾಕ್ಕೆ ಹಾಲು ತರಲು ಹೋಗಿದ್ದೆ. ತಿರುಗಿ ಬರುವಾಗ ಒಳಗಿನಿಂದ ಉರ್ದು ಕೇಳಿಸಿತು. ಮೊದಲು ಭಾಗಮ್ಮ ನಿಂತು ಪಾಠ ಓದುತ್ತಿದ್ದಳು, ಒಂದು ಅಕ್ಷರ ಎಡವದೆ. ನನ್ನ ಎದೆ ಉಬ್ಬಿತು. ಅವಳ ಓದು ಮುಗಿದ ಮೇಲೆ ಇನ್ನೊಂದು ದನಿ ಸಾಹೇಬರೊಡನೆ ಮಾತಾಡತೊಡಗಿತು. ಶಾಲೆಯ ಕಥೆಯನ್ನೆಲ್ಲ ವಿವರಿಸುತ್ತಿದ್ದ ಅಂಥ ಶುದ್ಧ, ತೂಕದ, ಇಂಪಾದ ಉರ್ದುವನ್ನು ನಾನು ಹೈದರಾಬಾದಿನಲ್ಲೂ ಹೆಚ್ಚು ಕೇಳಿರಲಿಲ್ಲ. ಯಾರು ಬಂದಿದ್ದಾರೆಂದು ಇಣುಕಿ ನೋಡಿದೆ. ಮಾತಾಡುತ್ತಿದ್ದವರು ಸೈದಪ್ಪ ಮಾಸ್ತರರು.

ಹಾಲಿನ ತಂಬಿಗೆ ಹಿಡಿದು ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಜೇವರ್ಗಿಯ ಚಾಪೆ, ಹತ್ತು ಸಲ ಮರೆತ ಪಾಠ, ನಾನು ಗದರಿಸಿದ್ದು, ವಾರ ವಾರದ ಜೋಳ, ಪರದೆಯ ಹಿಂದೆ ತಲೆ ಎತ್ತಿ ಕೂರುತ್ತಿದ್ದ ನಮ್ಮ ತಾಯಿ. ಎಲ್ಲವೂ ಒಂದೇ ಸಲ ತಿಳಿಯಿತು. ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಡುವುದಿಲ್ಲ. ಸಾಹೇಬರು ಹೋದ ಮೇಲೆ ಕೇಳಿದೆ, “ಉರ್ದು ಯಾವಾಗ ಕಲತ್ರಿ ಮಾಸ್ತರ?” ಅವರು ಮುಖ ಚೂರೂ ಅಲುಗಿಸದೆ, “ನೀವೇ ಕಲಿಸಿದ್ರಲ್ರಿ ಉಸ್ತಾದ” ಎಂದರು. ಆ ಮುಖ ನೋಡಿದ ಮೇಲೆ ಬೆಲ್ಲದ ಬುಟ್ಟಿ ಆ ಸಂಜೆ ತಾನಾಗಿ ಮುಂದೆ ಸರಿಯಿತೇ ಎಂಬ ಪ್ರಶ್ನೆಯೂ ನನ್ನಲ್ಲಿ ಹುಟ್ಟಿತು. ಎಂಟು ವರ್ಷದಿಂದ ಕೇಳುತ್ತಿದ್ದೇನೆ. ಇನ್ನೂ ಉತ್ತರ ಕೊಟ್ಟಿಲ್ಲ.

ಮುಂದಿನ ವರ್ಷಗಳ ಸುದ್ದಿ ಊರಿಗೆಲ್ಲ ಗೊತ್ತಿದೆ. ಶಾಲೆಗೆ ಇನ್ನೊಂದು ಕೋಣೆ ಬಂತು. ಭಾಗಮ್ಮ ಓದಿ, ಈಗ ಅದೇ ಮಾಳಿಗೆಯ ಕೆಳಗೆ ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಾಳೆ. ಹಲಗೆ ಇಂದಿಗೂ ಬಾಗಿಲ ಗೋಡೆಯ ಮೇಲೇ ಇದೆ, ಇಂದಿಗೂ ಸರಿಯಾಗಿ ಕಾಣುವುದಿಲ್ಲ.

ಮೊನ್ನೆ ಈ ಸನ್ಮಾನದ ಸಲುವಾಗಿ ಊರು ಕೂಡಿತ್ತು. ಶಾಲು, ಹಾರ, ಫಲಪುಷ್ಪಗಳ ಮಾತು ನಡೆದಿತ್ತು. ಮಾಸ್ತರರ ಕಿಣ್ಣಿ ಸುಲ್ತಾನದ ಮನೆಯ ಮಾಳಿಗೆ ಕಳೆದ ಮಳೆಗೆ ಕುಸಿದಿದೆಯೆಂದೂ, ಅವರು ಆಳಂದದಲ್ಲಿ ಬಾಡಿಗೆಯ ಕೋಣೆ ನೋಡುತ್ತಿದ್ದಾರೆಂದೂ ಯಾರೋ ಹೇಳಿದರು. ಆಗ ಮಲ್ಕಮ್ಮ ಎದ್ದು ನಿಂತಳು.

“ಶಾಲು ಹೊದಸಿದ್ರ ಮಾಳಿಗಿ ಆಗ್ತದೇನ್ರಿ? ನಡೀರಿ, ಮುಯ್ಯಿಗಿ ಹೋಗೂಣು.”

ಮಾಸ್ತರರು ಗಾಬರಿಯಾದರು. ಅವರು ಗಾಬರಿಯಾದದ್ದನ್ನು ನಾನು ಕಂಡದ್ದು ಅದೊಂದೇ ಸಲ. “ನಾ ಯಾರನೂ ಕರದಿಲ್ಲಬೇ. ಕರೀದ ಮುಯ್ಯಿ ಹ್ಯಾಂಗ ಆಗ್ತದ?”

ದೌಲತರಾಯ ಗೌಡರು ಕೂತಲ್ಲಿಂದಲೇ ಹೇಳಿದರು: “ನಿಮ್ಮ ಹೆಸರ್ಲೆ ನಾ ಕೂಗಸ್ತೇನ್ರಿ ಮಾಸ್ತರ, ಕೇರಿ ಹಿಡದು ಎಲ್ಲಾ ಓಣಿಗಿ. ಬೆಲ್ಲಾ ಮಾತ್ರ ನಿಮ್ಮ ಕೈಲೆ ಕೊಡಬೇಕು.” ಸ್ವಲ್ಪ ತಡೆದು, ಮಾಸ್ತರರನ್ನೇ ನೋಡುತ್ತ, “ಈ ಸಲ ಬುಟ್ಟಿ ನಾ ಹಿಡೀತೇನಿ” ಎಂದರು.

ಸಭೆ ಗೊಳ್ಳೆಂದು ನಕ್ಕಿತು. ಮಾಸ್ತರರು ತಲೆ ತಗ್ಗಿಸಿದರು. ಅವರು ನಕ್ಕರೋ ಅತ್ತರೋ ನನಗೆ ಕಾಣಲಿಲ್ಲ.

ಈ ಗ್ರಂಥ ಅವರ ಕೈ ಸೇರುವ ಹೊತ್ತಿಗೆ ಹೊಳೆಜಾಲಿಯ ಬಂಡಿಗಳು ಕಿಣ್ಣಿ ಸುಲ್ತಾನದ ದಾರಿ ಹಿಡಿದಿರುತ್ತವೆ. ನನಗೂ ಮಣ್ಣು ತುಳಿಯುವ ಕೆಲಸ ಗೊತ್ತುಮಾಡಿದ್ದಾರೆ, ನನ್ನ ಮಾತು ಯಾರಿಗೂ ಕೇಳಿಸಿಲ್ಲ. ಮಾಸ್ತರರಿಗೆ ದೀರ್ಘಾಯುಷ್ಯ ಕೋರುವುದು ಇಂಥ ಲೇಖನದ ಕೊನೆಯ ಕರ್ತವ್ಯ. ಅದು ಈ ಸಲ ಬಹಳ ಸುಲಭ. ಅವರು ಈಗ ಇಡೀ ಒಂದು ಊರಿನ ಋಣಕ್ಕೆ ಬೀಳುತ್ತಿದ್ದಾರೆ. ಮನೆ ಮನೆಗೆ ಹೋಗಿ ಅಷ್ಟೂ ತೀರಿಸಬೇಕಾದರೆ ನೂರು ವರ್ಷ ಬೇಕು, ಉಳಿಸಿಕೊಂಡು ಹೋಗುವ ಪೈಕಿ ಅವರಲ್ಲ. ನನ್ನ ಪಾಲಿನ ಮುಯ್ಯಿ ಏನೆಂದು ಈಗಲೇ ಹೇಳಿಬಿಡುತ್ತೇನೆ: ಶುಕ್ರವಾರಕ್ಕೊಮ್ಮೆ ನನ್ನ ಮನೆಗೆ ಬಂದು, ಚಾಪೆಯ ಮೇಲೆ ಕುಳಿತು, ಅದೇ ಮುಖ ಇಟ್ಟುಕೊಂಡು, ಅವರು ನನ್ನಿಂದ ಉರ್ದು ಕಲಿಯಬೇಕು.